ಬಲಿಪೀಠದ ಮೇಲೊಂದು ದಿಗಂತ

ಬೆಳಗಾವಿಯ ಶಹಾಪುರದಲ್ಲಿ ಕನ್ನಡ, ಮರಾಠಿಗಳೆರಡೂ ಒಂದೇ ಬೀದಿಯ ಮಾತುಗಳು. ಆಕಾಶವು ನೆಲವನ್ನು ಮುಟ್ಟುವಂತೆ ತೋರುವ ಗೆರೆಯನ್ನು ಮರಾಠಿಯು ಕ್ಷಿತಿಜವೆನ್ನುತ್ತದೆ. ಕನ್ನಡವು ಆ ಪದವನ್ನೂ ಬಲ್ಲದು, ದಿಗಂತವೆಂಬುದನ್ನೂ ಬಳಸುತ್ತದೆ. ಮೊದಲನೆಯದರ ಅರ್ಥ ನೆಲದಿಂದ ಹುಟ್ಟಿದ್ದು. ಎರಡನೆಯದರದು ದಿಕ್ಕಿನ ಕೊನೆ. ಅಮೂರ್ತ ಚಿತ್ರಕಲೆಯಲ್ಲಿ ಈ ಗೆರೆಗೆ ದೊರೆತ ಅರ್ಥಗಳು ಬಹುಮಟ್ಟಿಗೆ ಈ ಎರಡು ಪದಗಳ ನಡುವೆಯೇ ಚಲಿಸಿವೆ.

ಇದರ ಹಿಂದಣ ಕಥೆಯಲ್ಲಿ ಸಭೆಗೂ ಪಾಲುಂಟು. ಜರ್ಮನಿಯ ಲೂಥರನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ 1808ರಲ್ಲಿ ಬಲಿಪೀಠಕ್ಕೆಂದು ಒಂದು ಭೂದೃಶ್ಯವನ್ನು ಬರೆದನು. ಬೆಟ್ಟದ ನೆತ್ತಿಯಲ್ಲಿ ಶಿಲುಬೆಯಿದ್ದರೂ ಅದು ಭೂದೃಶ್ಯವೇ. ಭೂದೃಶ್ಯವು ಬಲಿಪೀಠವನ್ನೇರುವುದು ಉದ್ಧಟತನವೆಂದು ವಿಮರ್ಶಕ ರಾಮ್‌ಡೋರ್ 1809ರಲ್ಲಿ ಆಕ್ಷೇಪಿಸಿದನು. ಫ್ರೀಡ್ರಿಕ್ ಹಿಂಜರಿಯಲಿಲ್ಲ. 1810ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶಿತವಾದ ‘ಸಮುದ್ರತೀರದ ಸನ್ಯಾಸಿ’ಯಲ್ಲಿ ಶಿಲುಬೆಯೂ ಇಲ್ಲ; ಮೊದಲು ಬರೆದಿದ್ದ ಹಡಗುಗಳನ್ನೂ ಅವನೇ ಅಳಿಸಿಹಾಕಿದ್ದನು. ಉಳಿದದ್ದು ಮರಳು, ಕಪ್ಪು ಕಡಲು, ಅಪಾರವಾದ ಆಕಾಶ, ಒಬ್ಬ ಮನುಷ್ಯ. ಆ ಮನುಷ್ಯನನ್ನೂ ತೆಗೆದುಬಿಟ್ಟರೆ ನಾವು ಇಪ್ಪತ್ತನೆಯ ಶತಮಾನದಲ್ಲಿರುತ್ತೇವೆ.

ಕಲಾ ಇತಿಹಾಸಕಾರ ರಾಬರ್ಟ್ ರೋಸನ್‌ಬ್ಲಮ್ 1975ರ ತಮ್ಮ ಗ್ರಂಥದಲ್ಲಿ ಫ್ರೀಡ್ರಿಕ್‌ನಿಂದ ಮಾರ್ಕ್ ರೋಥ್ಕೊವರೆಗೆ ಒಂದೇ ಪರಂಪರೆಯನ್ನು ಗುರುತಿಸಿದರು. ಕ್ಯಾಲ್ವಿನ್ ಪಂಥದ ಮನೆಯಲ್ಲಿ ಬೆಳೆದು, ಕಡಲನ್ನು ಅಡ್ಡಗೆರೆ ಉದ್ದಗೆರೆಗಳಾಗಿ ಬಿಡಿಸಿದ ಮಾಂಡ್ರಿಯಾನ್‌ನೂ ಅದರಲ್ಲಿ ಸೇರುತ್ತಾನೆ. ಯೆಹೂದ್ಯನಾದ ರೋಥ್ಕೊ ಹ್ಯೂಸ್ಟನ್ನಿನ ಪ್ರಾರ್ಥನಾಲಯಕ್ಕಾಗಿ ರಚಿಸಿದ ಹದಿನಾಲ್ಕು ಪಟಗಳಲ್ಲಿ ಯಾವ ಆಕೃತಿಯೂ ಇಲ್ಲ. 1971ರಲ್ಲಿ ಅದು ತೆರೆದಾಗ ಅವನು ಬದುಕಿರಲಿಲ್ಲ. ಕೊನೆಯ ವರ್ಷದ ಪಟಗಳಲ್ಲಿ ಮೇಲೆ ಕಪ್ಪು, ಕೆಳಗೆ ಬೂದು, ನಡುವೆ ಒಂದು ಗೆರೆ. ಅಲ್ಲಿ ದಿಗಂತದ ‘ಅಂತ’ವೇ ಮುಂದೆ ನಿಲ್ಲುತ್ತದೆ.

ಈ ಪರಂಪರೆಯನ್ನು ನಮ್ಮ ಕಡೆಗೂ ಎಳೆದು ತರುವಾಗ ತೊಡಕು ಆರಂಭವಾಗುತ್ತದೆ. ಖಾನಾಪುರದ ಕಾಡುಗಳಾಚೆ ಗೋವೆ. ಅಲ್ಲಿನ ಮೂಲದ ತಂದೆತಾಯಿಗಳಿಗೆ 1924ರಲ್ಲಿ ನಾಗಪುರದಲ್ಲಿ ಹುಟ್ಟಿದವರು ವಾಸುದೇವ ಗಾಯತೊಂಡೆ. ರೋಲರು ಮತ್ತು ಚಪ್ಪಟೆ ಚಾಕುಗಳಿಂದ ಬಣ್ಣವನ್ನು ಪದರಪದರವಾಗಿ ಹಚ್ಚಿ, ಕೆರೆದು, ಮತ್ತೆ ಹಚ್ಚುತ್ತಿದ್ದರು. ಅವರ 1960ರ ದಶಕದ ಪಟಗಳಲ್ಲಿನ ಅಡ್ಡಪಟ್ಟಿಗಳಲ್ಲಿ ನೋಡುವವರು ಕಡಲನ್ನೂ ಮಂಜನ್ನೂ ಕಾಣುತ್ತಾರೆ. ಅವರಾದರೋ ‘ಅಮೂರ್ತ’ವೆಂಬ ಹೆಸರನ್ನೇ ಒಪ್ಪದೆ, ತಮ್ಮದು ವಸ್ತುರಹಿತ ಚಿತ್ರವೆಂದರು. ಅವರನ್ನು ಸೆಳೆದದ್ದು ಝೆನ್ ಚಿಂತನೆ, ಅದರ ಮೌನ.

ಇಂಥ ಪಟದ ಮುಂದೆ ನಿಂತು ಅಡ್ಡಗೆರೆಯನ್ನೆಲ್ಲ ಪರಾತ್ಪರದ ಗುರುತೆಂದು ಓದುವ ಚಪಲ ನಮ್ಮ ಪ್ರಸಂಗಪೀಠಗಳಿಗೆ ಹೊಸದಲ್ಲ. ಕಾರ್ಲ್ ರಾನರ್ ಅವರ ‘ಅನಾಮಧೇಯ ಕ್ರೈಸ್ತ’ನ ವಿಚಾರದಲ್ಲಿ ಎದ್ದ ಆಕ್ಷೇಪವೇ ಇಲ್ಲಿಯೂ ಏಳುತ್ತದೆ: ಕೇಳದವನಿಗೆ ಹೆಸರಿಡುವ ಅಧಿಕಾರ ಯಾರದು? ಫ್ರೀಡ್ರಿಕ್ ತಾನೇ ಅಳಿಸಿದ ಹಡಗುಗಳನ್ನು ನಾವು ಮರಳಿ ಬರೆಯಬೇಕಿಲ್ಲ; ಗಾಯತೊಂಡೆಯವರು ಎಂದೂ ಬರೆಯದ ಶಿಲುಬೆಯನ್ನಂತೂ ಸರ್ವಥಾ ಇಲ್ಲ.