ಸಕ್ಕರೆ ಕಾಯಿಲೆ, ವಾಸಿಯಾಗದ ಗಾಯಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ: ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಸ್ಟೆಮ್ ಸೆಲ್ ಹಾಕಿಸಿದ್ರೆ ಶುಗರ್ ಬುಡಸಮೇತ ಹೋಗುತ್ತೆ, ಕಾಲಿನ ಹುಣ್ಣು ಮಾಯುತ್ತೆ ಅನ್ನೋ ಜಾಹೀರಾತು ಮೊಬೈಲ್‌ನಲ್ಲಿ ಬರ್ತಾನೇ ಇರುತ್ತೆ. ಇದರಲ್ಲಿ ಎಷ್ಟು ನಿಜ? ಇಲ್ಲಿದೆ ಮಾಹಿತಿ.

ಏನಿದು ಸ್ಟೆಮ್ ಸೆಲ್?

ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶವೇ ಸ್ಟೆಮ್ ಸೆಲ್ (ಕಾಂಡಕೋಶ). ಮೂಳೆ ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಿಂದ ಇದನ್ನು ತೆಗೆಯುತ್ತಾರೆ.

ಶುಗರ್ ಹೋಗುತ್ತಾ?

ಟೈಪ್ 1 ಶುಗರ್‌ನಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಅಮೆರಿಕದ ವರ್ಟೆಕ್ಸ್ ಕಂಪನಿ ಸ್ಟೆಮ್ ಸೆಲ್‌ನಿಂದ ಅಂಥ ಕೋಶ ಬೆಳೆಸಿ ರೋಗಿಗಳಿಗೆ ಕೊಟ್ಟಿತು. 2025ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪೂರ್ಣ ಡೋಸ್ ಪಡೆದ 12 ಜನರಲ್ಲಿ 10 ಮಂದಿಗೆ ಒಂದು ವರ್ಷದ ನಂತರ ಇನ್ಸುಲಿನ್ ಬೇಕಾಗಲಿಲ್ಲ. ಆದರೆ ದೇಹ ಆ ಕೋಶಗಳನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ತಗೊಳ್ತಾನೇ ಇರಬೇಕು. ಅದರಿಂದ ಸೋಂಕಿನ ಅಪಾಯ ಜಾಸ್ತಿ.

ನಮ್ಮಲ್ಲಿ ಹೆಚ್ಚಿನವರಿಗೆ ಇರೋದು ಟೈಪ್ 2. ಇದರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸಲ್ಲ. ಹಾಗಾಗಿ ಆ ಫಲಿತಾಂಶವನ್ನು ಟೈಪ್ 2ಕ್ಕೆ ಅನ್ವಯಿಸೋಕೆ ಆಗಲ್ಲ.

ಗಾಯ ಯಾಕೆ ಮಾಯಲ್ಲ?

ಶುಗರ್ ಹೆಚ್ಚಿದ್ದರೆ ನರ ಮರಗಟ್ಟುತ್ತೆ, ರಕ್ತನಾಳ ಕಿರಿದಾಗುತ್ತೆ. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ, ಗಾಯಕ್ಕೆ ರಕ್ತವೂ ಸರಿಯಾಗಿ ತಲುಪಲ್ಲ. ಸ್ಟೆಮ್ ಸೆಲ್‌ಗಳು ಉರಿಯೂತ ತಗ್ಗಿಸಿ, ಹೊಸ ರಕ್ತನಾಳ ಬೆಳೆಯಲು ನೆರವಾಗುವ ಅಂಶಗಳನ್ನು ಬಿಡುತ್ತವೆ. ಕಾಲಿನ ಹುಣ್ಣಿನ ಮೇಲೆ ಇದರ ಪ್ರಯೋಗಗಳು ನಡೆದಿವೆ.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್‌ಗೆ ಬರ್ಜರ್ಸ್ ಕಾಯಿಲೆಯಿಂದ ಕಾಲಿನ ರಕ್ತ ಸಂಚಾರ ತೀವ್ರವಾಗಿ ಕುಗ್ಗಿದವರಿಗೆ ಬಳಸಲು ಕೇಂದ್ರದ ಅನುಮತಿ ಸಿಕ್ಕಿದೆ. ಬೀಡಿ, ಸಿಗರೇಟು ಸೇದುವವರಲ್ಲಿ ಕಾಣಿಸಿಕೊಳ್ಳೋ ಕಾಯಿಲೆ ಇದು. ಆ ಅನುಮತಿ ತೋರಿಸಿ 'ಶುಗರ್ ವಾಸಿ ಮಾಡ್ತೀವಿ' ಅಂದರೆ ನಂಬಬೇಡಿ.

ಕಾನೂನು ಏನು ಹೇಳುತ್ತೆ?

ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟರೆ, ಅನುಮೋದನೆ ಇಲ್ಲದ ಸ್ಟೆಮ್ ಸೆಲ್ ಬಳಕೆ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಟ್ರಯಲ್‌ಗೆ ಸೇರಿದವರಿಂದ ಆ ಚಿಕಿತ್ಸೆಗೆ ಹಣ ಕೇಳುವಂತಿಲ್ಲ.

ದುಡ್ಡು ಕಟ್ಟೋ ಮುಂಚೆ ಕೇಳಿ

- ಈ ಕಾಯಿಲೆಗೆ ಇದಕ್ಕೆ ಅನುಮತಿ ಇದೆಯಾ? ಪತ್ರ ತೋರಿಸಿ.
- ಟ್ರಯಲ್ ಆದ್ರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಏನು? (ಇದನ್ನು ಆನ್‌ಲೈನ್‌ನಲ್ಲಿ ಯಾರು ಬೇಕಾದ್ರೂ ನೋಡಬಹುದು)
- ಟ್ರಯಲ್ ಆದ್ರೆ ಹಣ ಯಾಕೆ?

ಯಾರು ಹೇಳಿದ್ರೂ ನಿಮ್ಮ ಡಾಕ್ಟರನ್ನು ಕೇಳದೆ ಇನ್ಸುಲಿನ್, ಮಾತ್ರೆ ನಿಲ್ಲಿಸಬೇಡಿ. ಟೈಪ್ 1 ಇದ್ದವರು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ.

ಕಾಲು ಉಳಿಸೋ ದಾರಿ

ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿ. ಅಂಗಡಿ ಒಳಗೂ ಚಪ್ಪಲಿ ಹಾಕಿ. ಗಾಯ ಆದರೆ ಆ ಕಾಲಿನ ಮೇಲೆ ಭಾರ ಬಿಡಬೇಡಿ. ಅರಿಶಿನ, ಸುಣ್ಣ ಹಚ್ಚಿ ಕಾಯುತ್ತಾ ಕೂರಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ಪರೀಕ್ಷೆ ಮಾಡಿಸಿ, ಗಾಯವನ್ನೂ ತೋರಿಸಿ. ಗಾಯ ಕಪ್ಪಾದರೆ, ವಾಸನೆ ಬಂದರೆ, ಊತ ಅಥವಾ ಜ್ವರ ಇದ್ದರೆ ಅದೇ ದಿನ ಹೋಗಿ. ನೋವಿಲ್ಲ ಅಂತ ಸುಮ್ಮನಿರಬೇಡಿ, ನರ ಸತ್ತ ಕಾಲಿಗೆ ನೋವೇ ಗೊತ್ತಾಗಲ್ಲ.