ಲಂಡನ್ ಸುರಂಗ ರೈಲು

ಲಂಡನ್ ನಗರದ ಸುರಂಗ ರೈಲು ನೆಲದಡಿಯಲ್ಲಿ ಪ್ರಯಾಣಿಕರನ್ನು ಸಾಗಿಸಿದ ಜಗತ್ತಿನ ಮೊದಲ ರೈಲ್ವೆ. ಈ ಜಾಲದಲ್ಲಿ ಕೆಲವು ನಿಲ್ದಾಣಗಳು ಹತ್ತಾರು ಮೆಟ್ಟಿಲುಗಳಷ್ಟೇ ಕೆಳಗಿದ್ದು, ಮತ್ತೆ ಕೆಲವು ಪಾತಾಳದಷ್ಟು ಆಳದಲ್ಲಿರುವುದಕ್ಕೆ ಅವುಗಳನ್ನು ಎರಡು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವಿಧಾನದಲ್ಲಿ ಕಟ್ಟಿದ್ದೇ ಮುಖ್ಯ ಕಾರಣ.

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಲಂಡನ್ನಿನ ಬೀದಿಗಳು ಕುದುರೆಗಾಡಿಗಳಿಂದ ಕಿಕ್ಕಿರಿದಿದ್ದವು. ಬಡವರು ಊರಾಚೆಯ ಒಳ್ಳೆಯ ಮನೆಗಳಲ್ಲಿದ್ದು ಅಗ್ಗದ ರೈಲಿನಲ್ಲಿ ಕೆಲಸಕ್ಕೆ ಬರುವಂತಾಗಬೇಕೆಂದು ಬಯಸಿದ ವಕೀಲ ಚಾರ್ಲ್ಸ್ ಪಿಯರ್ಸನ್ ನೆಲದಡಿಯ ರೈಲಿಗಾಗಿ ವರ್ಷಗಟ್ಟಲೆ ವಾದಿಸಿದ. ಬೀದಿಯನ್ನೇ ಅಗೆದು ಕಂದಕ ತೋಡಿ, ಇಟ್ಟಿಗೆಯ ಕಮಾನು ಕಟ್ಟಿ, ಮೇಲೆ ಮತ್ತೆ ಮಣ್ಣು ಮುಚ್ಚುವ 'ತೋಡಿ ಮುಚ್ಚುವ' ವಿಧಾನದಿಂದ ರೂಪುಗೊಂಡ ಮೆಟ್ರೊಪಾಲಿಟನ್ ರೈಲ್ವೆಯು 1863ರ ಜನವರಿ 10ರಂದು ಪ್ಯಾಡಿಂಗ್‌ಟನ್ ಮತ್ತು ಫ್ಯಾರಿಂಗ್‌ಡನ್ ನಡುವೆ, ಸುಮಾರು 6 ಕಿಲೋಮೀಟರ್ ದೂರಕ್ಕೆ, ಸಾರ್ವಜನಿಕರಿಗೆ ತೆರೆಯಿತು. ಹಿಂದಿನ ವರ್ಷವೇ ತೀರಿಕೊಂಡಿದ್ದ ಪಿಯರ್ಸನ್ ಅದನ್ನು ನೋಡಲಿಲ್ಲ; ಯಾರ ಹಿತಕ್ಕಾಗಿ ಈತ ದುಡಿದನೋ ಆ ಬಡವರಲ್ಲೇ ಎಷ್ಟೋ ಮಂದಿ ಕಾಮಗಾರಿಗಾಗಿ ಮನೆ ಕಳೆದುಕೊಂಡರೆಂಬುದನ್ನು ಮರೆಯುವಂತಿಲ್ಲ. ಮರದ ಬೋಗಿಗಳಿಗೆ ಗ್ಯಾಸ್ ದೀಪವಿತ್ತು. ಎಳೆಯುತ್ತಿದ್ದುದು ಉಗಿಯಂತ್ರವಾದ್ದರಿಂದ ಸುರಂಗದಲ್ಲಿ ಹೊಗೆ ಕವಿಯುತ್ತಿತ್ತು.

ಬೀದಿಗಳನ್ನು ಕೆಡಿಸದೆ ಆಳದಲ್ಲಿ ಕೊರೆಯುವುದು ಸಾಧ್ಯವಾದದ್ದು ಎಂಜಿನಿಯರ್ ಜೇಮ್ಸ್ ಗ್ರೇಟ್‌ಹೆಡ್ ಸುಧಾರಿಸಿದ 'ಶೀಲ್ಡ್'ನಿಂದ. ಇದು ಅಗೆಯುವವರ ಸುತ್ತ ಮಣ್ಣು ಕುಸಿಯದಂತೆ ತಡೆಯುತ್ತ ಮುಂದೆ ಸರಿಯುವ ಕಬ್ಬಿಣದ ಉರುಳೆ. ಇದರ ಹಿಂದೆಯೇ ಎರಕದ ಕಬ್ಬಿಣದ ಬಳೆಗಳನ್ನು ಜೋಡಿಸಲಾಗುತ್ತಿತ್ತು. ಲಂಡನ್ನಿನ ಅಡಿಯ ಗಟ್ಟಿ ಜೇಡಿಮಣ್ಣು ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಅಷ್ಟು ಆಳದಲ್ಲಿ ಉಗಿಯಂತ್ರ ಓಡಿಸಲಾಗದ ಕಾರಣ 1890ರಲ್ಲಿ ತೆರೆದ ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆಯು ವಿದ್ಯುತ್ತನ್ನು ಬಳಸಿತು. ಹೊರಗೆ ನೋಡುವಂಥದ್ದೇನೂ ಇಲ್ಲವೆಂದು ಅದರ ಬೋಗಿಗಳಿಗೆ ಕಿರಿದಾದ ಕಿಟಕಿಗಳನ್ನು ಮಾತ್ರ, ಅವೂ ಎತ್ತರದಲ್ಲಿ, ಇಡಲಾಗಿತ್ತು. ಕೊಳವೆಯಂಥ ಈ ಸುರಂಗಗಳಿಂದಲೇ 'ಟ್ಯೂಬ್' ಎಂಬ ಹೆಸರು ಇಡೀ ಜಾಲಕ್ಕೆ ಹಬ್ಬಿತು. ಈ ಮಾರ್ಗಗಳ ಬೋಗಿಗಳು ಇಂದಿಗೂ ಗಿಡ್ಡ, ಅಂಚಿನಲ್ಲಿ ಬಾಗಿದವು.

ಬೇರೆ ಬೇರೆ ಕಂಪನಿಗಳ ಮಾರ್ಗಗಳು 1933ರಲ್ಲಿ ಒಂದೇ ಸಾರ್ವಜನಿಕ ಮಂಡಳಿಯ ಆಡಳಿತಕ್ಕೆ ಬಂದವು. ಅದೇ ವರ್ಷ ಪ್ರಕಟವಾದ ಹ್ಯಾರಿ ಬೆಕ್‌ನ ನಕ್ಷೆ ನೆಲದ ಮೇಲಿನ ನಿಜವಾದ ದೂರಗಳನ್ನು ಬದಿಗಿಟ್ಟು, ಮಾರ್ಗಗಳನ್ನು ನೇರ ಗೆರೆಗಳಲ್ಲಿ, ಬೇರೆ ಬೇರೆ ಬಣ್ಣಗಳಲ್ಲಿ ತೋರಿಸಿತು. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂಬುದನ್ನು ಊರಿನ ಗುರುತೇ ಇಲ್ಲದವರಿಗೂ ತಿಳಿಸುವ ಈ ಕ್ರಮವನ್ನು ಮುಂದೆ ಅನೇಕ ನಗರಗಳು ಅನುಸರಿಸಿದವು. ಎರಡನೆಯ ಮಹಾಯುದ್ಧದಲ್ಲಿ ಆಳದ ನಿಲ್ದಾಣಗಳು ಬಾಂಬ್ ದಾಳಿಯಿಂದ ಸಾವಿರಾರು ಜನರನ್ನು ಕಾಪಾಡಿದರೂ, 1940ರ ಅಕ್ಟೋಬರ್‌ನಲ್ಲಿ ಬಾಲಮ್ ನಿಲ್ದಾಣದಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು.

ಇಂದು 11 ಮಾರ್ಗಗಳೂ 272 ನಿಲ್ದಾಣಗಳೂ ಇರುವ ಈ ಜಾಲದ ಉದ್ದ ಸುಮಾರು 400 ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸುರಂಗದ ಹೊರಗೇ ಸಾಗುತ್ತದೆ.