ಬೀಟಾ ಥಲಸೀಮಿಯಾ

ಹಿಮೋಗ್ಲೋಬಿನ್ನಿನ ಬೀಟಾ ಸರಪಳಿ ಸಾಕಷ್ಟು ತಯಾರಾಗದ ಆನುವಂಶಿಕ ರಕ್ತರೋಗ. ಕಾರಣವಾದ ಜೀನ್ 11ನೆಯ ವರ್ಣತಂತುವಿನಲ್ಲಿದೆ. ಸಿಂಧಿ, ಲೋಹಾಣಾ, ಕಚ್ಛೀ ಭಾನುಶಾಲಿ ಸಮುದಾಯಗಳಲ್ಲಿ ವಾಹಕರು ಹೆಚ್ಚು. ಹಾಗಾಗಿ ಗುಜರಾತಿ, ಕಚ್ಛೀ ಕುಟುಂಬಗಳು ದಟ್ಟವಾಗಿರುವ ಮುಂಬಯಿಯ ಘಾಟ್ಕೋಪರ್, ಮುಲುಂಡ್‌ಗಳಲ್ಲಿ ಇದು ಹೊಸ ಹೆಸರೇನಲ್ಲ.

ವಾಹಕರಿಗೆ ಸಾಮಾನ್ಯವಾಗಿ ತೊಂದರೆಯಿರದು. ಅವರ ರಕ್ತವರದಿ ಮಾತ್ರ ದಾರಿ ತಪ್ಪಿಸುವಂಥದ್ದು: ಹಿಮೋಗ್ಲೋಬಿನ್ ತುಸು ಕಡಿಮೆ, ಕೆಂಪುಕಣಗಳ ಗಾತ್ರ ತೋರಿಸುವ ಎಂಸಿವಿ 80ಕ್ಕಿಂತ ಕೆಳಗೆ, ಕಬ್ಬಿಣದ ಕೊರತೆಯಲ್ಲೂ ಹೀಗೆಯೇ. ಆದರೆ ಕೊರತೆಯಿದ್ದಾಗ ಕಣಗಳ ಸಂಖ್ಯೆಯೂ ಇಳಿಯುತ್ತದೆ, ವಾಹಕರಲ್ಲಿ ಹೆಚ್ಚೇ ಇರಬಹುದು. ಇದನ್ನು ನೋಡದೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸಿದರೆ ಪ್ರಯೋಜನವಿಲ್ಲ. ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಸಾಮಾನ್ಯವಾಗಿ 3.5%ಕ್ಕಿಂತ ಹೆಚ್ಚು ಕಂಡರೆ ವಾಹಕರೆನ್ನುತ್ತಾರೆ. ಪರೇಲಿನ ಕೆಇಎಂ ಆಸ್ಪತ್ರೆ ಆವರಣದ ರಾಷ್ಟ್ರೀಯ ಇಮ್ಯುನೋಹಿಮಟಾಲಜಿ ಸಂಸ್ಥೆ ಈ ರೋಗದ ಸಂಶೋಧನೆಗೆ ಹೆಸರಾಗಿದೆ.

ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ 25%. ಭ್ರೂಣದ ಹಿಮೋಗ್ಲೋಬಿನ್ ಇರುವಷ್ಟು ದಿನ ಕೂಸು ಚೆನ್ನಾಗಿಯೇ ಕಾಣುತ್ತದೆ. ಆರು ತಿಂಗಳು ಕಳೆದ ಮೇಲೆ ಬಿಳಿಚಿಕೊಳ್ಳುತ್ತದೆ, ಗುಲ್ಮ ಊದಿ ಹೊಟ್ಟೆ ಉಬ್ಬುತ್ತದೆ. ತೀವ್ರರೂಪಕ್ಕೆ 2–4 ವಾರಕ್ಕೊಮ್ಮೆ ರಕ್ತ ಕೊಡಬೇಕು. ಅದರೊಡನೆ ಸೇರುವ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಶೇಖರವಾಗದಂತೆ ಡೆಫೆರಾಸಿರಾಕ್ಸ್‌ನಂಥ ಔಷಧ ಕೊಡುತ್ತಾರೆ. ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಲ್ಲದು.